ಇಪ್ಪತ್ತೈದು ಕುದುರೆ

ಗ್ಯಾಸು ತಾನು ಉರಿಯೋದಿಲ್ಲ, ಅಂದರು ಘನಿ ಸಾಬರು,
ಉರಿಯೋದನ್ನ ಇನ್ನಷ್ಟು ಉರಿಸುತ್ತೆ, ಅಷ್ಟೆ.
ನಮ್ಮ ಮಂಡಿ ಮೊಹಲ್ಲಾದಲ್ಲೇ ಅಂಥೋರು ನಾಲ್ಕು ಜನ ಇದ್ದಾರೆ.

ನಾಚಪ್ಪ ನಗಲಿಲ್ಲ.
ಅವನ ತೊಡೆಯ ಮೇಲೆ ಎಳೆಗೂಸಿನಂತೆ ನೀಲಿ ಸಿಲಿಂಡರು,
ಕೊಯಮತ್ತೂರಿನಿಂದ ಕಂಬಳಿ ಹೊದ್ದು ಬಂದದ್ದು.
ಹೊರಗೆ ಅವನ ಹಳೇ ಎಸ್ಟೀಮು, ಬಾನೆಟ್ಟು ತೆರೆದು
ಹಲ್ಲಿನ ಡಾಕ್ಟರ ಎದುರು ಕೂತವರ ಹಾಗೆ.

ಇದೇ ಕಣೋ ಮಾದ,
ದವಡೆ ಹಲ್ಲು ಕೀಳುವಾಗ ನನ್ನ ಮೂಗಿಗೆ ಹಿಡಿದಿದ್ದು.
ನಕ್ಕೆ. ಯಾಕೋ ಗೊತ್ತಿಲ್ಲ.
ಜಾವಾ ಫ್ಯಾಕ್ಟರಿ ಗೇಟಿಗೆ ಬೀಗ ಬಿದ್ದದ್ದು ನೆನಪಾಗಿ
ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆ.
ಮನೆ ತಲುಪಿದ ಮೇಲೆ ನೋವು ಶುರುವಾಯಿತು.

ನನ್ನ ಪಾಲಿನ ಕೆಲಸ ಜೆಟ್ಟು.
ಹಿತ್ತಾಳೆಯಲ್ಲಿ ಎರಡು ತೂತು, ಎಳ್ಳಿಗಿಂತ ಸಣ್ಣವು,
ಒಂದು ಗ್ಯಾಸಿಗೆ, ಇನ್ನೊಂದು ಪೆಟ್ರೋಲಿಗೆ.
ಗ್ಯಾಸು ಕೊಟ್ಟ ಸಾಲಕ್ಕೆ ಪೆಟ್ರೋಲಿನಲ್ಲೇ ಬಡ್ಡಿ,
ಕಟ್ಟದಿದ್ದರೆ ಪಿಸ್ಟನ್ನಿನ ನೆತ್ತಿ ಜಪ್ತಿ.
ಲೇತು ನಿಲ್ಲಿಸಿ, ಕನ್ನಡಕ ಒರೆಸಿ,
ಮತ್ತೆ ಉಸಿರು ಹಿಡಿದು ಡ್ರಿಲ್ಲು ಇಳಿಸಿದೆ.

ಐವತ್ತು ಕುದುರೆಯದು ಮಾಡಿಕೊಡಿ, ಅಂದ ಹುಡುಗ.
ಒಂದೇ ಕುದುರೆಯ ಟಾಂಗಾದಲ್ಲಿ
ಊರೆಲ್ಲ ಮದುವೆಗೆ ಹೋಗಿ ಬಂದಿದೆ ಕಣಪ್ಪ,
ಅದಕ್ಕೂ ಹುರುಳಿ ಬೇಯಿಸಿ ಹಾಕಬೇಕಿತ್ತು.
ಇಪ್ಪತ್ತೈದು ಸಾಕು. ಅದೂ ಹತ್ತೇ ಸೆಕೆಂಡು.

ಏಪ್ರಿಲ್ ರಾತ್ರಿ. ಶೆಡ್ಡಿನ ತಗಡು ಇನ್ನೂ ಬಿಸಿ.
ನಳಿಗೆಯ ಗಾಳಿ ಕಳೆಯಲೆಂದು
ಸಾಬರು ಒಂದು ಸಲ ವಾಲ್ವು ಬಿಟ್ಟರು:
ಬುಸ್ಸೆಂದು ಬಿಳಿ ಹೊಗೆ ಬೀದಿ ದೀಪದವರೆಗೆ.
ನೋಡಿದರೆ ನಳಿಗೆಯ ಮೈತುಂಬ ಮಂಜು,
ಪುಡಿ ಸಕ್ಕರೆ ಉದುರಿಸಿದ ಹಾಗೆ,
ಇಲ್ಲಿ, ಗ್ರೀಸು ಮೆತ್ತಿದ ಈ ಕತ್ತಲಲ್ಲಿ.

ಇಡ್ಲಿ ಗಾಡಿಯವಳು ಬಂದು ನೋಡಿದಳು.
ಸಾಬರ ಮೊಮ್ಮಗಳು ಉಗುರಲ್ಲಿ ಕೆರೆದು
ಸುಟ್ಟಿತು ಎಂದು ಕೈ ಕೊಡವಿಕೊಂಡಳು.
ಯಾರೂ ಕಾರಿನ ಮಾತೇ ಆಡಲಿಲ್ಲ.
ಅದು ಕರಗುವವರೆಗೂ ನಿಂತೇ ಇದ್ದೆವು,
ಮೊದಲು ಬೆವರಿತು, ಆಮೇಲೆ ಬರೀ ನಳಿಗೆ.

ಮಂಗಳವಾರ ನಾಚಪ್ಪ ಪಿಸ್ಟನ್ನು ತಂದು ಬೆಂಚಿನ ಮೇಲಿಟ್ಟ.
ನೆತ್ತಿಯಲ್ಲಿ ತೂತು, ಅಂಚು ಮೇಣದಂತೆ ಇಳಿದಿದೆ.
(ಅದು ಇನ್ನೂ ಅಲ್ಲೇ ಇದೆ,
ಶುಕ್ರವಾರ ಊದುಬತ್ತಿ ಸಿಕ್ಕಿಸುತ್ತಾರೆ.)
ನನ್ನ ಜೆಟ್ಟು ಬಿಚ್ಚಿ ಬೇರೆ ಹಾಕಿದ್ದ,
ಗ್ಯಾಸಿನದು ಮಾತ್ರ ದೊಡ್ಡದು.
ಪೆಟ್ರೋಲಿನದು ಮರೆತೆ, ಅಂದ.

ಗೆದ್ದೆಯೇನೋ, ಅಂತ ಕೇಳಿದೆ.
ಆರನೇ ಸೆಕೆಂಡಿನವರೆಗೂ ನನ್ನ ಮುಂದೆ ರಸ್ತೆ ಒಂದೇ ಇತ್ತು ಅಣ್ಣ,
ಬೇರೆ ಏನೂ ಇರಲಿಲ್ಲ ಅಂದವನು
ನಗತೊಡಗಿದ. ಎಂಜಿನ್ನು ಹೋಗಿದೆ,
ಅಪ್ಪನಿಗೆ ಇನ್ನೂ ಹೇಳಿಲ್ಲ, ನಗುತ್ತಲೇ ಇದ್ದಾನೆ.

ಸಾಬರು ಸ್ಟೂಲು ಎಳೆದು ಕೊಟ್ಟರು.
ಕೂರಿಸು, ಅಂದರು ನನಗೆ.
ಗ್ಯಾಸು ಇನ್ನೂ ಇಳಿದಿಲ್ಲ.