ಎಪ್ಪತ್ತೈದು ಅಂದರೆ

ಶಿವಮೊಗ್ಗದ ಬಿ.ಎಚ್. ರೋಡಿನ ಆ ಅಂಗಡಿಯಲ್ಲಿ
ಕೂರಲಿಕ್ಕೂ ಟೈರೇ.
ಒಂದರ ಮೇಲೊಂದು ಎರಡಿಟ್ಟು, ಗೋಣಿ ಹಾಸಿ
'ಕೂತ್ಕೊಳ್ಳಿ ಟೀಚರೇ' ಅಂದರು ದಸ್ತಗೀರ್ ಸಾಬರು.

ಹೊರಗೆ ನನ್ನ ಜೀಪು, ಹರಾಜಿನಲ್ಲಿ ಹಿಡಿದದ್ದು.
ಬಾಗಿಲ ಮೇಲೆ ಬಣ್ಣದಡಿಯಿಂದ ಇನ್ನೂ ಇಣುಕುವ
'ಪಶು ವೈ' — ಮುಂದಿನದು ಉಜ್ಜಿಹೋಗಿದೆ.
ನಾಲ್ಕೂ ಚಕ್ರಕ್ಕೆ ಎಳೆತವಿದೆ, ಹಿಡಿತವಿಲ್ಲ;
ಮೊನ್ನೆ ನಿಟ್ಟೂರಿನಾಚೆ ಶಾಲೆಯ ಏರಿನಲ್ಲಿ
ನಾಲ್ಕೂ ಒಟ್ಟಿಗೆ ತಿರುಗಿದವು, ಜೀಪು ಮಾತ್ರ
ಹಿಂದಕ್ಕೆ ಜಾರಿ ದರೆಗೆ ಬೆನ್ನು ಕೊಟ್ಟು ನಿಂತಿತು.
ಪ್ರಾರ್ಥನೆ ಮುಗಿಸಿ ಮಕ್ಕಳೇ ಬಂದು ನೂಕಿದ್ದು.

'ಅಗಲದ್ದು ಹಾಕಿ, ಇನ್ನೂರ ಅರವತ್ತೈದು' ಅಂದೆ,
ತಮ್ಮನ ಗೆಳೆಯರು ಹೇಳಿಕೊಟ್ಟ ಪಾಠ ಒಪ್ಪಿಸುತ್ತ.
ಸಾಬರು ನಗಲಿಲ್ಲ. ಸೀಮೆಸುಣ್ಣ ತಂದರು.
ನನ್ನೆದುರು ಇನ್ನೊಬ್ಬರ ಕೈಯಲ್ಲಿ ಸೀಮೆಸುಣ್ಣ ಕಂಡು
ಎಷ್ಟು ವರ್ಷವಾಗಿತ್ತೋ!
ಹಳೇ ಟೈರಿನ ಕೆನ್ನೆಯ ಉಬ್ಬಕ್ಷರಕ್ಕೆ ಉಜ್ಜಿದರು,
ಕಪ್ಪಿನೊಳಗಿಂದ ಒಂದೊಂದೇ ಎದ್ದು ಬಂತು:
ಇನ್ನೂರ ಹದಿನೈದು, ಓರೆಗೆರೆ, ಎಪ್ಪತ್ತೈದು,
ಆರ್, ಹದಿನೈದು.

'ಮೊದಲ್ನೇದು ಅಗಲ, ಮಿಲಿಮೀಟರಲ್ಲಿ.
ಕಡೇದು ರಿಮ್ಮು, ಅದು ಇಂಚಲ್ಲಿ.'
ಒಂದೇ ಸಾಲಿನಲ್ಲಿ ಎರಡು ದೇಶದ ಅಳತೆ.
ನನ್ನ ಹುಡುಗರು ಬರೆದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ.

'ಸರಿ, ನಡುವಿನ ಎಪ್ಪತ್ತೈದು?'
'ಎತ್ತರ. ಎಪ್ಪತ್ತೈದು ಮಿಲಿಮೀಟರು.'
ಸಾಬರು ಮಾತಾಡಲಿಲ್ಲ.
ಗೇಣು ಬಿಡಿಸಿ ಟೈರಿನ ಗೋಡೆಗಿಟ್ಟರು.
ನಾನು ಹೇಳಿದ್ದು ನಾಲ್ಕು ಬೆರಳು,
ಅಲ್ಲಿದ್ದದ್ದು ಗೇಣಿಗೆ ಎರಡೇ ಬೆರಳು ಕಡಿಮೆ.
'ನೂರಕ್ಕೆ ಎಪ್ಪತ್ತೈದು, ಟೀಚರೇ. ಅಗಲದ ಮುಕ್ಕಾಲು.'

ಹನ್ನೊಂದು ವರ್ಷ ಶೇಕಡಾ ಕಲಿಸಿದವಳು ನಾನು,
ಲಾಭ, ನಷ್ಟ, ಬಡ್ಡಿ, ಹಾಲಿಗೆ ಬೆರೆಸಿದ ನೀರು.
ಒಮ್ಮೆಯೂ ಅದರ ಮೇಲೆ ಕೈಯಿಟ್ಟು
ಇಗೋ, ಇಷ್ಟು ಎತ್ತರ, ಅಂದವಳಲ್ಲ.

'ಮರಳಾದ್ರೆ ಅಗಲ ತೇಲ್ತದೆ.
ನಿಮ್ದು ಕೆಸರು, ಕೆಸರಿನ ಅಡಿಗೆ ಮುರಕಲ್ಲು.
ಸೀಳ್ಕೊಂಡು ಹೋಗಿ ಕಲ್ಲು ಮುಟ್ಟಬೇಕು.
ಇನ್ನೂರ ಮೂವತ್ತೈದು ಸಾಕು.'
ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಇಳಿದು
ಮಡ್‌ಗಾರ್ಡಿನ ಸಂದಿಯಲ್ಲಿ ಬೆರಳಾಡಿಸಿದರು:
'ನೀವು ಕೇಳಿದ್ದು ಹಾಕಿದ್ರೆ
ಪ್ರತಿ ತಿರುವಲ್ಲೂ ಇಲ್ಲಿ ಹಲ್ಲು ಕಡೀತದೆ.'

ಬೆನ್ನಿಗೆ ನೇತುಬಿದ್ದ ಸ್ಟೆಪ್ನಿಯನ್ನೂ ಓದಿದರು.
ಮೂಲೆಯಲ್ಲಿ ಪುಟ್ಟದಾಗಿ ನಾಲ್ಕಂಕಿ, ಹುಟ್ಟಿದ ದಿನದ್ದು:
ಹದಿನಾರನೇ ಇಸವಿಯ ಹದಿನೆಂಟನೇ ವಾರ.
ನನಗೆ ಈ ಕಡೆಗೆ ವರ್ಗವಾದ ಮೇ ತಿಂಗಳು.
ಮೈಮೇಲಿನ ಗೆರೆ ಒಂದೂ ಸವೆದಿಲ್ಲ,
ಬುಡದಲ್ಲೆಲ್ಲ ಕೂದಲೆಳೆ ಬಿರುಕು.
'ಓಡದೇನೇ ಮುದಿಯಾಗಿದೆ' ಅಂದರು ಸಾಬರು.
ಅಬ್ಬು ಉರುಳಿಸಿಕೊಂಡು ಗುಜರಿಯ ಕಡೆ ಹೊರಟಿದ್ದ.
'ಅದನ್ನ ಹಿಂದೆ ಹಾಕಪ್ಪ, ಏಳನೇ ಕ್ಲಾಸಿಗೆ ಬೇಕು.'

ದುಡ್ಡೆಣಿಸಿ ಹೊರಡುವಾಗ ಕಿಟಕಿಗೆ ಬಾಗಿ
'ಮೀಟರು ಇನ್ಮೇಲೆ ಸುಳ್ಳು ಹೇಳ್ತದೆ, ನೆನಪಿರ್ಲಿ.
ಅದು ಐವತ್ತು ಅಂದ್ರೆ ನೀವು ಐವತ್ತೆರಡಲ್ಲಿರ್ತೀರಿ.
ಚಕ್ರ ದೊಡ್ಡದಾಯ್ತಲ್ಲ.'

ಸೋಮವಾರ.
ಬಾಡಿಗೆ ಕೋಣೆಯಿಂದ ಶಾಲೆಗೆ ಇಪ್ಪತ್ತೈದು ಕಿಲೋಮೀಟರು;
ಮೀಟರು ಇಪ್ಪತ್ನಾಲ್ಕಕ್ಕೇ ಮುಗಿಸಿತು.
ಏರು ಏನೂ ಚಿಕ್ಕದಾಗಿರಲಿಲ್ಲ.
ಅದೇ ಕೆಂಪು ನೀರು, ಅದೇ ಜಾರು,
ಅಡಿಯಲ್ಲೆಲ್ಲೋ ಕಲ್ಲಿಗೆ ಕಚ್ಚಿದ ಸದ್ದು.
ಚಡ್ಡಿ ಮಡಚಿ, ಲಂಗ ಎತ್ತಿ ಕಟ್ಟಿ
ನೂಕಲು ಸಾಲಾಗಿ ನಿಂತಿದ್ದ ಮಕ್ಕಳು
ಕೊಂಚ ನಿರಾಶೆಯಿಂದಲೇ
ದಾರಿ ಬಿಟ್ಟರು.