ಎರಡನೇ ಜಗ್ಗು

ಬೆಂಡಿಗೆ ಜ್ವಾಳದ ದಂಟು ಸಾಕು.
ಒಣಗಿರಬೇಕು, ಬೆರಳುದ್ದ, ತಿರುಳು ಬೆಳ್ಳಗ.
ದಾರ ನಮ್ಮಪ್ಪನ ಅಂಗಡೀದು,
ನಲವತ್ತನೇ ನಂಬರಿನ ಕರೇ ರೀಲು,
ಮೂರೆಳಿ ಹೊಸೆದು ಮೇಣ ತಿಕ್ಕಿದ್ದು.
ಗಾಳ ಮಾತ್ರ ಮೌಲಾಸಾಬನ ಟೊಪಗಿ ಅಂಚಿನಾಗ
ಸದಾ ಚುಚ್ಚಿಕೊಂಡಿರತಿತ್ತು.

ಕರ್ಜಗಿ ಹತ್ತಿರ ವರದಾ ಮ್ಯಾಲ ರೈಲು ಹಾಯುವಲ್ಲಿ
ಮೂರನೇ ಕಂಬದ ಬುಡ.
ರಜಾದ ದಿನ ಗ್ಯಾಂಗ್‌ಮನ್ ಮೌಲಾಸಾಬ
ಹರಕು ಹಸಿರು ಬಾವುಟ ಹಾಸಿ ಅದರ ಮ್ಯಾಲ ಕೂಡತಿದ್ದ.
ನಾನು ಮಗ್ಗಲಿಗೆ, ತಗಡಿನ ಡಬ್ಬಿ ಹಿಡಕೊಂಡು.
ಡಬ್ಬಿಯಾಗ ಹಸಿಮಣ್ಣು, ಮಣ್ಣಾಗ ಎರಿಹುಳ.

ಶಿವಸಿಂಪಿಗರ ಹುಡುಗ ನಾನು.
ಸೋಮವಾರ ನಮ್ಮ ಅಡಗಿಮನಿಯಾಗ
ಉಳ್ಳಾಗಡ್ಡಿಗೂ ಅಪ್ಪಣಿ ಇದ್ದಿಲ್ಲ.
ಹೊಳಿಯಿಂದ ಬರುವಾಗ ಅಂಗೈಗೆ ಹುಣಸೆಹಣ್ಣು, ಬೂದಿ,
ಆಮ್ಯಾಲ ಬೇವಿನ ಎಲಿ ತಿಕ್ಕಿ
ಅವ್ವನ ಮುಂದ ಕೈ ಚಾಚಿದರ
"ಏನೋ ಇದು ಬೇವಿನ ವಾಸನಿ?" ಅನ್ನಾಕಿ.
ಕಜ್ಜಿ ಆಗೇತಿ ಅಂತಿದ್ದೆ.
ಎರಡು ವರ್ಷ ನನಗ ಕಜ್ಜಿ ಇತ್ತು.

ಮೌಲಾಸಾಬ ಹೆಚ್ಚು ಮಾತಿನವ ಅಲ್ಲ.
ಬೆಂಡು ಮಿಸುಕಿದ ಕೂಡಲೇ ನಾನು ಕೋಲು ಎತ್ತಲಿಕ್ಕೆ ಹೋದರ
ಮೊಣಕೈ ಹಿಡಿದು ನಿಲ್ಲಿಸತಿದ್ದ:
"ತಡಿಯೋ ಸಿಂಪಿಗ.
ಮೊದಲನೇ ಜಗ್ಗು ಮೀನಿಂದು.
ಎರಡನೇದು ನಿಂದು."

ಅಷ್ಟೇ ವಿದ್ಯಾ.
ಸಿಕ್ಕಷ್ಟನ್ನ ಹುಲ್ಲಿನ ಕಡ್ಡಿಗೆ ಪೋಣಿಸಿಕೊಂಡು
ಅವನ ಮನಿತನಕ ನಾನೇ ಹೊರತಿದ್ದೆ.
ಪೀರಂಬಿ ಬ್ಯಾಡಗಿ ಮೆಣಸಿನಕಾಯಿ ಅರೆಯೋ ಸಪ್ಪಳ.
ಒಂದು ಸಲ, ಒಂದೇ ಸಲ,
ತಾಟಿನ ಅಂಚಿಗೆ ಬೆರಳು ಹಚ್ಚಿ ನೆಕ್ಕಿದ್ದು
ಯಾರಿಗೂ ಹೇಳಿದ್ದಿಲ್ಲ. ಈಗ ಹೇಳಿದೆ.

ಆ ಮಾತು ನನ್ನ ಬೆನ್ನು ಹತ್ತಿ ಅಂಗಡಿಗೂ ಬಂತು.
ಕತ್ತರಿ ಹಚ್ಚೋ ಮೊದಲು ಎರಡು ಸಲ ಅಳೀತೇನಿ.
ಗಿರಾಕಿ ಮಜೂರಿ ಕೇಳಿದರ
ಎರಡನೇ ಸಲ ಕೇಳೋತನಕ ಸುಮ್ಮನಿರತೇನಿ.
ಹಾನಗಲ್ಲಿನ ಹುಡುಗಿ ಒಬ್ಬಾಕಿ
ರವಿಕಿ ಒಯ್ಯಲಿಕ್ಕೆ ಬಂದು, ಹೊಸ್ತಿಲದಾಗ ತಿರುಗಿ ನಿಂತು
"ಮತ್ತೇನರ ಹೇಳೋದೈತೇನು?" ಅಂದಿದ್ದಳು.
ಎರಡನೇ ಸಲ ಕೇಳಲಿಲ್ಲ ಆಕಿ.

ಈ ಬ್ಯಾಸಿಗಿ ತಂಗಿ ಮಗಳು ಸೃಷ್ಟಿನ್ನ ಕರಕೊಂಡು ಹೋದೆ.
ಒಂಬತ್ತು ವರ್ಷ.
ಹಾವೇರಿ ಪ್ಯಾಟಿಯಾಗ ಕೊಂಡ ನೈಲಾನ್ ದಾರ.
ಬೆಂಡು ದಂಟಿಂದೇ, ಅದೊಂದು ನಾನು ಬಿಟ್ಟುಕೊಡಲಿಲ್ಲ.
ಉಸುಕು ತಗದು ತಗದು ಮೂರನೇ ಕಂಬದ ಬುಡ ಮಡುವಾಗೇತಿ,
ಐದನೇದಕ್ಕ ಕೂತಿವಿ.
ಹುಳ ಮುಟ್ಟಲಿಕ್ಕೆ ಹೇಸಲಿಲ್ಲ ಹುಡುಗಿ.
ಅದಕ್ಕೊಂದು ಹೆಸರಿಟ್ಟಳು,
ಆಮ್ಯಾಲ ಚುಚ್ಚಿದಳು.

ನಾನು ಗಂಟಲು ಸರಿ ಮಾಡಿಕೊಂಡು
"ನೋಡವಾ, ಮೊದಲನೇ ಜಗ್ಗು ಮೀ"
ಅನ್ನೋದ್ರಾಗ ಕೋಲು ಮ್ಯಾಲಕ್ಕ ಹಾರಿ
ಬಿಸಿಲಾಗ ಒಂದು ಜಿಲೇಬಿ ಮೀನು, ಅಂಗೈ ಅಗಲದ್ದು,
ನನ್ನ ಅಂಗಿ ಕಿಸೆಕ್ಕ ಬಡೀತು.

ಮತ್ತೊಂದು. ಮತ್ತ ಮೊದಲನೇ ಜಗ್ಗಿಗೇ.
ಅದರ ಹಿಂದ ಇನ್ನೊಂದು.

ಆವಾಗ ನೆನಪಾತು ಅವನ ಬಲಗೈ.
ಸ್ಲೀಪರ್ ಕೆಳಗ ಸಿಕ್ಕು ಹೋದ ಎರಡು ಬೆರಳು,
ಉಳಿದ ಮೂರು ಒಂದೊಂದಾಗಿ
ಕೋಲಿನ ಸುತ್ತ ಕೂಡಲಿಕ್ಕೆ ತಗೋತಿದ್ದ ಹೊತ್ತು.
ಅಷ್ಟರಾಗ ಮೊದಲನೇ ಜಗ್ಗು ಹಾದು ಹೋಗಿರತಿತ್ತು.
ಹೆಂಗೂ ಕೈಗೆ ಹತ್ತದ್ದನ್ನ
ಮೀನಿನ ಹೆಸರಿಗೆ ಬರೆದುಕೊಟ್ಟಿದ್ದ ಪುಣ್ಯಾತ್ಮ.
ಮೂರು ಬೆರಳಿನ ಶಾಸ್ತ್ರ ಅದು.
ಐದೂ ಗಟ್ಟಿ ಇದ್ದ ನಾನು
ನಲವತ್ತು ವರ್ಷ ನಡೆಸಿದೆ.

ನಗಿ ಬಂತು. "ಯಾಕ ಮಾಮಾ?" ಅಂದಳು.
ಅರ್ಧಕ್ಕ ನಿಂತ ಮಾತು
ಅರ್ಧಕ್ಕೇ ಬಿಟ್ಟೆ.
ಮ್ಯಾಲ ಗೂಡ್ಸ್ ಗಾಡಿ ಹೊಂಟಿತ್ತು,
ನೀರೆಲ್ಲಾ ನಡುಗಿ ಬೆಂಡು ಕುಣೀತು.
ಆಕಿ ಎತ್ತಿದಳು. ಬರೇ ಗಾಳ.
"ಅದು ರೈಲು," ಅಂದೆ.
"ರೈಲಿಂದು ಯಾವುದು, ಮೀನಿಂದು ಯಾವುದು, ತಿಳಿಯೋದು ಹೆಂಗ?"
ನನಗೂ ಅದನ್ನ ಯಾರೂ ಹೇಳಿದ್ದಿಲ್ಲ.

ಮೀನು ಪೀರಂಬಿಯ ಸೊಸಿಗೆ ಕೊಟ್ಟಿವಿ.
ದಾರಿಯಾಗ ಬೇವಿನ ಗಿಡ ಬಂತು.
"ನಾಕು ಎಲಿ ಹರಕೋ," ಅಂದೆ, "ಅಂಗೈಗೆ ತಿಕ್ಕು."
"ಯಾಕ?"
"ನಿಮ್ಮವ್ವ ಕೇಳಿದರ
ಕಜ್ಜಿ ಆಗೇತಿ ಅನ್ನು."