ಕಾಲು ಸುತ್ತಳತೆ

ಎರಡನೇ ಸಲವೂ ಗಣಿತ ಹೋಯಿತು.
ಹೋಯಿತು ಅಂದರೆ ಎಲ್ಲಿಗೂ ಹೋಗಲಿಲ್ಲ,
ಪೊನ್ನಂಪೇಟೆಯ ಹಾಸ್ಟೆಲ್ಲಿನಲ್ಲಿ
ನನ್ನ ಮಂಚದ ಕೆಳಗೆ, ಚಪ್ಪಲಿಗಳ ಪಕ್ಕ
ಜೆರಾಕ್ಸ್ ಕಟ್ಟಾಗಿ ಬಿದ್ದುಕೊಂಡಿತ್ತು.

ಮೇಷ್ಟ್ರನ್ನು ಕೇಳಿದೆ.
"ಸಿಂಪಲ್ ಅಲ್ವೇನಮ್ಮ, ಲಿಮಿಟ್ ಹಾಕು, ಬರುತ್ತೆ."
ಹಾಕಿದೆ. ಬರಲಿಲ್ಲ.
ಸೀನಿಯರ್ ಪೂವಮ್ಮನನ್ನು ಕೇಳಿದೆ.
"ನಂದೂ ಬಾಯಿಪಾಠವೇ ಕಣೇ" ಅಂತ
ತನ್ನ ನೋಟ್ಸ್ ಕೊಟ್ಟಳು; ಅದರ ಅಂಚಿನ ತುಂಬ
ಯಾರದೋ ಮದುವೆ ಸೀರೆಗೆ ಬಾರ್ಡರು ಬಿಡಿಸಿದ್ದಳು.
ಗೋಣಿಕೊಪ್ಪದ ಟ್ಯೂಷನ್ನಿನವರು ಫೀಸು ಹೇಳಿದರು.
ಆ ಅಂಕಿ ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು.

ಹತ್ತನೆಯ ತನಕ ಕನ್ನಡ ಮಾಧ್ಯಮದವಳು ನಾನು.
ಘನಫಲ ಅಂದರೆ ಗೊತ್ತು.
ಡಬ್ಬದ್ದು, ಚೆಂಡಿನದು, ಶಂಕುವಿನದು,
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.
ಇಲ್ಲಿ 'ವಾಲ್ಯೂಮ್ ಆಫ್ ರೆವಲ್ಯೂಷನ್' ಅಂದಾಗ
ದೂರದ ರೇಡಿಯೋದಲ್ಲಿ ಯಾವುದೋ ಕ್ರಾಂತಿಯ ಸದ್ದನ್ನು
ಯಾರೋ ಜಾಸ್ತಿ ಮಾಡಿದಂತೆ ಕೇಳಿಸುತ್ತಿತ್ತು.

ಶನಿವಾರ ಸಾಮಿಲ್ಲಿಗೆ ಹೋದೆ,
ಗಣಿತಕ್ಕಲ್ಲ, ಹಲಸಿನ ಹಲಗೆ ಬಂದಿದೆಯೋ ಕೇಳಲು.
ಅಪ್ಪ ಬಡಗಿ. ಫೋನಿನಲ್ಲಿ ಮರ ಕೇಳುವವನಲ್ಲ.
ಅಲ್ಲಿ ಅಳತೆ ಬರೆಯುವವರು ಪೋಕರಾಕ.
ಹೆಸರಷ್ಟೇ ಪೋಕರ್, ಪೋಕರಿತನ ಚೂರೂ ಇಲ್ಲ.
ಮಗುವಿಗೆ ಉಡಿದಾರ ಕಟ್ಟುವವರ ಹಾಗೆ
ಸಿಲ್ವರ್ ಓಕಿನ ನಡುವಿಗೆ ಟೇಪು ಸುತ್ತಿ
ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ,
ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ,
ಎಲ್ಲ ಬಾಯಲ್ಲೇ. ಪುಸ್ತಕಕ್ಕೆ ಇಳಿಯುವುದು ಉತ್ತರ ಮಾತ್ರ.

"ಏನೋದ್ತಿದ್ದೀ ಮೋಳೆ?"
ಹೇಳಿದೆ.
"ಹಾಗಾದ್ರೆ ನಂಗೊಂದು ಹೇಳು.
ಮರ ದುಂಡಗಿದೆ. ನಾಲ್ಕರಿಂದ ಭಾಗಿಸಿದ್ರೆ ಚೌಕ ಆಗೋಲ್ವಾ?
ಮೂವತ್ತೊಂದು ವರ್ಷ ಬರ್ದೆ. ಕೇಳಿದವರೆಲ್ಲ ನಕ್ಕರು."

ಊರೆಲ್ಲ ಸಹಾಯ ಬೇಡಿ ಅಲೆದವಳನ್ನು
ಮೊದಲ ಸಲ ಯಾರೋ ಸಹಾಯ ಕೇಳಿದ್ದರು.
ದಿಮ್ಮಿಗೆ ನಂಬರು ಹಾಕುವ ಸೀಮೆಸುಣ್ಣ ತೆಗೆದುಕೊಂಡೆ.
ಸುತ್ತು ನಾಲ್ಕು ಅಡಿ, ಉದ್ದ ಹತ್ತು.
ಅವರ ಪುಸ್ತಕಕ್ಕೆ ಹತ್ತು ಘನ ಅಡಿ.
ನನ್ನ ಪೈ ಹೇಳಿದ್ದು ಹನ್ನೆರಡೂ ಮುಕ್ಕಾಲು,
ಕೂದಲೆಳೆಯಷ್ಟು ಕಮ್ಮಿ.

ಇಬ್ಬರೂ ಆ ಸಂಖ್ಯೆಯನ್ನು ನೋಡುತ್ತ ನಿಂತೆವು.
"ಎರಡೂ ಮುಕ್ಕಾಲು ಎಲ್ಲಿಗೆ ಹೋಯ್ತು, ಪೋಕರಾಕ?"
"ಸಿಪ್ಪೆ, ಪುಡಿ, ನಾಲ್ಕು ಬದಿ ಚಕ್ಕೆ,
ಎಲ್ಲ ವೇಸ್ಟು ಅಂತಿದ್ರು ಹಳೇ ಸಾಹುಕಾರ್ರು."
ಸ್ವಲ್ಪ ಹೊತ್ತಿನ ಮೇಲೆ:
"ಆ ಚಕ್ಕೇನೂ ಮಾರ್ತಿದ್ರು."

ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅವರು
ದಿಮ್ಮಿಯ ಬುಡಕ್ಕೆ ಕೈಯಿಟ್ಟರು, ತುದಿಗೆ ಕಣ್ಣು.
"ಬುಡ ದಪ್ಪ, ತುದಿ ಸಣ್ಣ. ನಿನ್ನ ಪೈಗೆ ಇದು ಗೊತ್ತಾ?"
ನನಗೆ ಗೊತ್ತಿರಲಿಲ್ಲ.
ಒಳಗೆ ಬ್ಯಾಂಡ್‌ಸಾ ಕಿರುಚಿ ಸುಮ್ಮನಾಯಿತು.
ಹುಡುಗನೊಬ್ಬ ಕೊರಡಿನ ಕೊನೆಯಿಂದ ಕುಯ್ದ ಬಿಲ್ಲೆಯೊಂದು
ಉರುಳುತ್ತ ಬಂದು ನನ್ನ ಕಾಲ ಬಳಿ ಮಲಗಿತು.

"ಹೀಗೆ ಬಿಲ್ಲೆ ಬಿಲ್ಲೆ ಅಳೆದು ಕೂಡಿಸ್ಬೇಕು" ಅಂದರು,
"ತೆಳ್ಳಗೆ ಕುಯ್ದಷ್ಟೂ ಸುಳ್ಳು ಕಮ್ಮಿ.
ಆದ್ರೆ ಅಷ್ಟು ಕುಯ್ದ ಮೇಲೆ ಮರ ಎಲ್ಲಿರುತ್ತೆ?"

ಆ ಉದ್ದ ಕೊಕ್ಕೆ, ಎರಡು ವರ್ಷದಿಂದ ನನ್ನನ್ನು
ಗಾಳಕ್ಕೆ ಸಿಕ್ಕ ಮೀನಿನಂತೆ ಎಳೆದಾಡಿದ ಕೊಕ್ಕೆ,
ಕುಯ್ಯದೆಯೇ ಕುಯ್ಯುವುದು ಅಂತ
ಮರದ ಪುಡಿ ಮೂಗಿಗೆ ಹೋಗಿ ಸೀನುವಾಗ ಹೊಳೆಯಿತು.
ಬುಡದಿಂದ ತುದಿಗೆ: ಅದೇ ಲಿಮಿಟ್ಟು.
ಮೇಷ್ಟ್ರು ಹೇಳಿದ್ದು ಸರಿ, ಹಾಕಬೇಕಿತ್ತು.
ಯಾವುದಕ್ಕೆ ಅಂತ ಹೇಳಿರಲಿಲ್ಲ.

ಪರೀಕ್ಷೆ ಮುಂದಿನ ತಿಂಗಳು.
ಹಲಸಿನ ಹಲಗೆ ಇನ್ನೂ ಬಂದಿಲ್ಲ.
ಫಿಸಿಕ್ಸಿಗೆ ಇನ್ನೂ ಯಾರೂ ಸಿಕ್ಕಿಲ್ಲ.
ಮೊನ್ನೆ ಹೋದಾಗ ಪೋಕರಾಕನ ಪುಸ್ತಕ ತೆರೆದೇ ಇತ್ತು.
ಅದೇ ಹಳೆಯ ಅಳತೆ, ಅದೇ ನೀಲಿ ಶಾಯಿ:
ಹತ್ತು, ಏಳೂವರೆ, ಹದಿನಾಲ್ಕು.
"ಬದಲಿಸೋಕೆ ನಾನ್ಯಾರು" ಅಂದರು.

ಆದರೆ ಪ್ರತಿ ಸಾಲಿನ ಪಕ್ಕ, ಅಂಚಿನಲ್ಲಿ,
ಸಾಹುಕಾರರಿಗೆ ಕಾಣದಷ್ಟು ಸಣ್ಣಗೆ
ಪೆನ್ಸಿಲ್ಲಿನಲ್ಲಿ ಇನ್ನೊಂದು ಸಂಖ್ಯೆ.